ದನಿಯ ಒಡೆತನ: ಅಂಧ ಆಟಗಾರರು ಮತ್ತು ಮುಕ್ತ ಗಣಕ ವ್ಯವಸ್ಥೆಗಳ ಇತಿಹಾಸ



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಆತ ರಕ್ತದೊತ್ತಡದ ಬಗೆಗೋ ಸಕ್ಕರೆ ಕಾಯಿಲೆಯ ಬಗೆಗೋ ನಾಲ್ಕು ಹಿತವಚನ ಹೇಳಿ ಹೋಗುತ್ತಾನೆಂದು ತಾವು ನಿರೀಕ್ಷಿಸುವುದು ಸಹಜ. ನಾನು ಇಂದು ಆರಿಸಿಕೊಂಡಿರುವ ವಿಷಯ ತುಸು ಬೇರೆ. ಕಣ್ಣು ಕಾಣದ ಮಕ್ಕಳೂ ತರುಣರೂ ಗಣಕಯಂತ್ರದ ಮೇಲೆ ಆಟವಾಡಬಲ್ಲರೆ? ಆಡುವುದಾದರೆ ಅವರ ಯಂತ್ರದಲ್ಲಿ ಯಾವ ಕಾರ್ಯಾಚರಣ ವ್ಯವಸ್ಥೆ ಇರಬೇಕು? ಇದು ಅಂಗಡಿಯಲ್ಲಿ ಕೇಳಿ ತಿಳಿಯಬಹುದಾದ ಪ್ರಶ್ನೆಯಂತೆ ತೋರುತ್ತದೆ. ಆದರೆ ಇದರ ಹಿಂದೆ ಅರ್ಧ ಶತಮಾನದ ಇತಿಹಾಸವಿದೆ, ಆ ಇತಿಹಾಸದ ಒಂದು ಅಧ್ಯಾಯ ನಾವು ಅನ್ನ ತಿನ್ನುತ್ತಿರುವ ಈ ಕುವೈತಿನದೇ ಆಗಿದೆ. ಆದುದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

ಕುವೈತಿನ ‘ಸಖ್ರ್’

1982ರಲ್ಲಿ ಕುವೈತಿನ ಉದ್ಯಮಿ ಮೊಹಮ್ಮದ್ ಅಲ್-ಶಾರಿಖ್ ಅವರು ಅರಬ್ಬೀ ಭಾಷೆಯನ್ನು ಗಣಕಯಂತ್ರಕ್ಕೆ ತರುವ ಉದ್ದೇಶದಿಂದ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಹೆಸರು ‘ಸಖ್ರ್’, ಅಂದರೆ ಬಂಡೆ. ಜಪಾನಿನಲ್ಲಿ ತಯಾರಾದ ಎಂಎಸ್‌ಎಕ್ಸ್ ಮಾದರಿಯ ಸಣ್ಣ ಯಂತ್ರಗಳಿಗೆ ಅರಬ್ಬೀ ಕೀಲಿಮಣೆಯನ್ನೂ ಅರಬ್ಬೀ ತಂತ್ರಾಂಶವನ್ನೂ ಅಳವಡಿಸಿ 1980ರ ದಶಕದಲ್ಲಿ ಅವರು ಮಾರುಕಟ್ಟೆಗೆ ತಂದರು. ಇಡೀ ಒಂದು ತಲೆಮಾರಿನ ಅರಬ್ ಮಕ್ಕಳು ಈ ಯಂತ್ರದಲ್ಲಿ ತಮ್ಮ ಮೊದಲ ಗಣಕ ಆಟಗಳನ್ನು ಆಡಿದರು, ತಮ್ಮದೇ ಭಾಷೆಯಲ್ಲಿ ಮೊದಲ ಕ್ರಮವಿಧಿಗಳನ್ನು ಬರೆದರು.

1990ರ ಆಗಸ್ಟ್ 2ರಂದು ಏನಾಯಿತೆಂಬುದನ್ನು ಈ ಸಭೆಯ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಇರಾಕಿನ ಆಕ್ರಮಣದ ಬಳಿಕ ಸಖ್ರ್ ತನ್ನ ಕೆಲಸವನ್ನು ಕೈರೋಗೆ ಸಾಗಿಸಿತು. ಯಂತ್ರ ಮಾರುವ ವ್ಯವಹಾರ ಹಿಂದೆ ಬಿದ್ದಿತು, ಭಾಷಾ ತಂತ್ರಾಂಶದ ಕೆಲಸ ಮುಂದುವರಿಯಿತು. ಅದೇ ಕೆಲಸದಿಂದ ಮುಂದೆ ಅಂಧರಿಗಾಗಿ ‘ಇಬ್ಸಾರ್’ ಎಂಬ ತಂತ್ರಾಂಶ ಹೊರಬಂತು. ಇಬ್ಸಾರ್ ಎಂದರೆ ಕಾಣುವಿಕೆ, ದೃಷ್ಟಿ. ಪರದೆಯ ಮೇಲಿನ ಅರಬ್ಬೀ ಬರಹವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು.

ಇದು ಎಷ್ಟು ಕಷ್ಟದ ಕೆಲಸವೆಂಬುದನ್ನು ಕನ್ನಡಿಗರಾದ ನಾವು ಸುಲಭವಾಗಿ ಊಹಿಸಲಾರೆವು. ಅರಬ್ಬೀ ಬರಹದಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಯಂತ್ರ ಮಾತನಾಡಬೇಕಾದರೆ ಮೊದಲು ಆ ಸ್ವರಗಳನ್ನು ವಾಕ್ಯದ ಅರ್ಥದಿಂದ ಊಹಿಸಿ ತುಂಬಬೇಕು. ಸಖ್ರ್‌ನ ವಿದ್ವಾಂಸರು ಈ ಸಮಸ್ಯೆಯ ಮೇಲೆ ವರ್ಷಗಟ್ಟಲೆ ದುಡಿದರು. ಅಲ್-ಶಾರಿಖ್ ಅವರು 2024ರಲ್ಲಿ ನಿಧನರಾದರು. ಅವರ ಸಾಧನೆ ದೊಡ್ಡದು. ಆದರೂ ಒಂದು ಮಾತನ್ನು ಗಮನಿಸಬೇಕು. ಇಬ್ಸಾರ್‌ನ ದನಿ ಒಂದು ಸಂಸ್ಥೆಯ ಸೊತ್ತಾಗಿತ್ತು. ಅದು ಯಾವ ಯಂತ್ರದಲ್ಲಿ ಮಾತನಾಡಬೇಕು, ಎಷ್ಟು ಬೆಲೆಗೆ, ಎಷ್ಟು ಕಾಲ ಎಂಬುದನ್ನು ಆ ಸಂಸ್ಥೆಯೇ ನಿರ್ಧರಿಸುತ್ತಿತ್ತು. ದನಿಯ ಒಡೆತನ ಯಾರದು ಎಂಬ ಈ ಪ್ರಶ್ನೆಯೇ ನನ್ನ ಇಂದಿನ ಮಾತಿನ ತಿರುಳು.

ಕಿವಿಯ ಸಾಮರ್ಥ್ಯ

ಕಣ್ಣಿಲ್ಲದವರು ಕಿವಿಯಿಂದ ಬದುಕು ಕಟ್ಟಿಕೊಳ್ಳಬಲ್ಲರೆಂಬುದಕ್ಕೆ ಕನ್ನಡಿಗರಿಗೆ ದೂರದ ಉದಾಹರಣೆ ಬೇಕಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳನ್ನೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳನ್ನೂ ನಾವೆಲ್ಲ ಬಲ್ಲೆವು. ಇಬ್ಬರೂ ಅಂಧರು, ಇಬ್ಬರೂ ನೂರಾರು ಅಂಧ ಮಕ್ಕಳಿಗೆ ಸಂಗೀತದ ದಾರಿ ತೋರಿದವರು. ಆಟದ ವಿಷಯಕ್ಕೆ ಬಂದರೆ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ಇದ್ದಾರೆ. ಅವರ ನಾಯಕತ್ವದಲ್ಲಿ ಭಾರತ 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ-20 ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನವನ್ನು ಸೋಲಿಸಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ಶಿವಮೊಗ್ಗದ ಕಿಶನ್ ಗಂಗೊಳ್ಳಿ 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡೆಗಳಲ್ಲಿ ದೃಷ್ಟಿಬಾಧಿತರ ಚದುರಂಗದಲ್ಲಿ ಚಿನ್ನ ಗೆದ್ದರು.

ಅಂಧರ ಕ್ರಿಕೆಟ್ ಹುಟ್ಟಿದ್ದು 1922ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ. ಅಲ್ಲಿ ಆಟಗಾರರ ಕಣ್ಣನ್ನು ಯಾರೂ ಸರಿಪಡಿಸಲಿಲ್ಲ, ಚೆಂಡನ್ನು ಬದಲಾಯಿಸಿದರು. ಇಂದು ಬಳಸುವ ಚೆಂಡಿನೊಳಗೆ ಗಿಲಿಗಿಲಿ ಸದ್ದು ಮಾಡುವ ಸಣ್ಣ ಗುಂಡುಗಳಿರುತ್ತವೆ. ಆಟದ ಸಾಮಗ್ರಿಯನ್ನು ತಮಗೆ ಬೇಕಾದಂತೆ ಬಿಚ್ಚಿ ಮಾರ್ಪಡಿಸುವ ಅವಕಾಶವಿದ್ದುದರಿಂದ ಇದು ಸಾಧ್ಯವಾಯಿತು. ಗಣಕಯಂತ್ರದ ಆಟಗಳಲ್ಲಿಯೂ ಪ್ರಶ್ನೆ ಇದೇ ಆಗಿದೆ ಎಂಬುದನ್ನು ಮುಂದೆ ನೋಡೋಣ.

ವೈದ್ಯನಾಗಿ ಎರಡು ಮಾತು ಸೇರಿಸುತ್ತೇನೆ. ಬಲಗಡೆಯಿಂದ ಬಂದ ಶಬ್ದ ಬಲಗಿವಿಯನ್ನು ತಲುಪಿದ ಬಳಿಕ ಎಡಗಿವಿಯನ್ನು ತಲುಪಲು ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಸಮಯ ಹಿಡಿಯುತ್ತದೆ. ಮಿದುಳು ಈ ಅಂತರವನ್ನು ಅಳೆದು ಶಬ್ದದ ದಿಕ್ಕನ್ನು ಹೇಳುತ್ತದೆ. ಅನುಕೂಲ ಸ್ಥಿತಿಯಲ್ಲಿ ಅದು ಸೆಕೆಂಡಿನ ಲಕ್ಷದ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಗುರುತಿಸಬಲ್ಲದು. ಹಾಗೆಯೇ ಬಾಲ್ಯದಿಂದಲೇ ಅಂಧರಾದವರು ಬ್ರೈಲ್ ಓದುವಾಗ ಅವರ ಮಿದುಳಿನ ದೃಷ್ಟಿಕೇಂದ್ರವೇ ಕೆಲಸ ಮಾಡುತ್ತದೆಂಬುದನ್ನು 1996ರಲ್ಲಿ ಸದಾತೋ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಬೆಳಕು ಬಾರದ ಕೋಣೆಯನ್ನು ಮಿದುಳು ಬೀಗ ಹಾಕಿ ಬಿಡುವುದಿಲ್ಲ, ಅಲ್ಲಿ ಬೇರೆ ಒಕ್ಕಲನ್ನು ತಂದು ಕೂರಿಸುತ್ತದೆ. ಆದುದರಿಂದ ಕಿವಿಯಿಂದ ಆಡುವ ಆಟವನ್ನು ಯಾರೋ ಕನಿಕರಪಟ್ಟು ಕೊಟ್ಟ ಬದಲಿ ಆಟವೆಂದು ಭಾವಿಸಬಾರದು.

ಅಕ್ಷರಪರದೆಯ ಕಾಲ

ಗಣಕಯಂತ್ರದ ಆದಿಯುಗ ಅಂಧರಿಗೆ ಒಂದು ಬಗೆಯಲ್ಲಿ ಅನುಕೂಲವಾಗಿಯೇ ಇತ್ತು. ಆಗ ಪರದೆಯ ಮೇಲೆ ಚಿತ್ರಗಳಿರಲಿಲ್ಲ, ಬರೀ ಅಕ್ಷರಗಳಿದ್ದವು. 1970ರ ದಶಕದಲ್ಲಿ ವಿಲ್ ಕ್ರೌದರ್ ಬರೆದ ‘ಅಡ್ವೆಂಚರ್’ ಎಂಬ ಗುಹಾನ್ವೇಷಣೆಯ ಆಟ ಪೂರ್ತಿಯಾಗಿ ಮಾತಿನದೇ ಆಗಿತ್ತು. ನೀವು ಗುಹೆಯ ಬಾಯಲ್ಲಿ ನಿಂತಿದ್ದೀರಿ ಎಂದು ಯಂತ್ರ ಬರೆದರೆ, ಉತ್ತರಕ್ಕೆ ಹೋಗು ಎಂದು ಆಟಗಾರ ಬರೆಯಬೇಕು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ‘ಮಡ್’ ಎಂಬ ಆಟವನ್ನು ರಚಿಸಿದರು. ಅದರಲ್ಲಿ ಅನೇಕರು ಏಕಕಾಲಕ್ಕೆ ಒಂದೇ ಕಲ್ಪಿತ ಲೋಕದಲ್ಲಿ ಸಂಚರಿಸಬಹುದಾಗಿತ್ತು. ಅಕ್ಷರಗಳನ್ನು ದನಿಯಾಗಿಸುವ ಸಾಧನವೊಂದಿದ್ದರೆ ಇಂತಹ ಆಟದಲ್ಲಿ ಅಂಧನೂ ಕಣ್ಣುಳ್ಳವನೂ ಸಮಾನರು. ಈ ಪರಂಪರೆಯ ಆಟಗಳಲ್ಲಿ ಅಂಧ ಆಟಗಾರರು ಇಂದಿಗೂ ದೊಡ್ಡ ಸಂಖ್ಯೆಯಲ್ಲಿದ್ದಾರೆ.

ಅಕ್ಷರಗಳನ್ನು ದನಿಯಾಗಿಸುವ ತಂತ್ರಾಂಶವನ್ನು ಸ್ಕ್ರೀನ್ ರೀಡರ್ ಎನ್ನುತ್ತಾರೆ. ನಾನು ಪರದೆವಾಚಕ ಎಂದು ಕರೆಯುತ್ತೇನೆ. 1978ರಲ್ಲಿ ಅಪಘಾತದಿಂದ ದೃಷ್ಟಿ ಕಳೆದುಕೊಂಡ ಅಮೆರಿಕದ ಮೋಟಾರ್‌ಸೈಕಲ್ ಓಟಗಾರ ಟೆಡ್ ಹೆಂಟರ್ ಅವರ ಸಂಸ್ಥೆ 1989ರಲ್ಲಿ ‘ಜಾಸ್’ ಎಂಬ ಪರದೆವಾಚಕವನ್ನು ಹೊರತಂದಿತು. ಅಷ್ಟರಲ್ಲಿ ಕಾಲ ಬದಲಾಗುತ್ತಿತ್ತು. ಕಿಟಕಿಗಳು, ಚಿತ್ರಸಂಕೇತಗಳು, ಮೌಸ್ ಬಂದವು. ಪರದೆಯ ಮೇಲೆ ಅಕ್ಷರವಿದ್ದ ಜಾಗದಲ್ಲಿ ಚಿತ್ರ ಬಂದಾಗ ಪರದೆವಾಚಕಗಳ ಬಾಯಿ ಕಟ್ಟಿತು. 1995ರಲ್ಲಿ ವಿಂಡೋಸ್‌ಗಾಗಿ ಜಾಸ್ ಬಂದು ಬಾಗಿಲು ಮತ್ತೆ ತೆರೆಯಿತು, ಆದರೆ ಬೆಲೆ ತೆತ್ತವರಿಗೆ ಮಾತ್ರ. ಬಹುಕಾಲ ಅದರ ಬೆಲೆ ಸುಮಾರು ಸಾವಿರ ಡಾಲರುಗಳ ಆಸುಪಾಸಿನಲ್ಲಿತ್ತು. ಅನೇಕ ವೇಳೆ ಯಂತ್ರಕ್ಕಿಂತ ಅದರ ದನಿಯೇ ದುಬಾರಿ. ನಮ್ಮ ಜಿಲ್ಲೆಗಳ ಅಂಧಶಾಲೆಯ ಹುಡುಗನಿಗೆ ಇದು ಕನಸಿನ ಮಾತು.

ಊರ ಕೆರೆಯಂಥ ತಂತ್ರಾಂಶ

ಇದೇ ಕಾಲದಲ್ಲಿ ಇನ್ನೊಂದು ಧಾರೆ ಹರಿಯತೊಡಗಿತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಮುಕ್ತ ತಂತ್ರಾಂಶದ ‘ಗ್ನೂ’ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ತಿರುಳನ್ನು ಪ್ರಕಟಿಸಿದರು. ಇವೆರಡೂ ಸೇರಿ ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಿ ಹಂಚಬಹುದಾದ ಒಂದು ಕಾರ್ಯಾಚರಣ ವ್ಯವಸ್ಥೆಯಾಯಿತು. ಖಾಸಗಿ ತಂತ್ರಾಂಶ ಮನೆಗೆ ಬರುವ ನಲ್ಲಿನೀರಿನಂತೆ. ಶುಲ್ಕ ಕಟ್ಟುವವರೆಗೆ, ಸರಬರಾಜುದಾರ ಇರುವವರೆಗೆ ಬರುತ್ತದೆ. ಮುಕ್ತ ತಂತ್ರಾಂಶ ಊರ ಕೆರೆಯಂತೆ. ಎಲ್ಲರೂ ನೀರು ಮೊಗೆಯಬಹುದು, ಆದರೆ ಹೂಳೆತ್ತುವವರೂ ಬೇಕು.

ಇಂತಹ ಸಾಮಾನ್ಯ ಸೊತ್ತಿನ ಬೆಲೆ ಅಂಧರಿಗೆ ಹೊಸದಾಗಿ ತಿಳಿದುದಲ್ಲ. ಭಾರತದಲ್ಲಿ ಒಂದೊಂದು ಭಾಷೆಗೆ ಒಂದೊಂದು ಬ್ರೈಲ್ ಪದ್ಧತಿಯಿದ್ದ ಗೊಂದಲವನ್ನು ತಪ್ಪಿಸಲು 1951ರಲ್ಲಿ ಭಾರತಿ ಬ್ರೈಲ್ ಅಂಗೀಕೃತವಾಯಿತು. ಕನ್ನಡದ ‘ಕ’ಕಾರಕ್ಕೂ ಹಿಂದಿ, ಬಂಗಾಳಿ, ತಮಿಳುಗಳ ‘ಕ’ಕಾರಕ್ಕೂ ಒಂದೇ ಚುಕ್ಕೆವಿನ್ಯಾಸ ಬಂತು. ಯಾರೊಬ್ಬರ ಸೊತ್ತೂ ಅಲ್ಲದ ಲಿಪಿಯಾದುದರಿಂದಲೇ ಅದು ಎಲ್ಲ ಶಾಲೆಗಳನ್ನೂ ತಲುಪಲು ಸಾಧ್ಯವಾಯಿತು.

ಗಣಕಕ್ಷೇತ್ರದಲ್ಲಿ ಈ ದಾರಿಯನ್ನು ಕಡಿದವರಲ್ಲಿ ಮುಖ್ಯರಾದ ಒಬ್ಬರು ನಮ್ಮ ನೆರೆಯ ಮಹಾರಾಷ್ಟ್ರದವರು. ಪುಣೆಯ ಟಿ. ವಿ. ರಾಮನ್ ಬಾಲ್ಯದಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡವರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ 1994ರಲ್ಲಿ ಡಾಕ್ಟರೇಟ್ ಪಡೆದು, 1995ರಲ್ಲಿ ‘ಈಮ್ಯಾಕ್‌ಸ್ಪೀಕ್’ ಎಂಬ ಮಾತನಾಡುವ ಗಣಕಾವರಣವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಪತ್ರ ಬರೆಯುವುದು, ಲೆಕ್ಕ ಮಾಡುವುದು ಮಾತ್ರವಲ್ಲದೆ ಟೆಟ್ರಿಸ್, ಸುಡೋಕು ಮುಂತಾದ ಆಟಗಳಿಗೂ ಅದರಲ್ಲಿ ದನಿ ಕೊಟ್ಟಿದ್ದಾರೆ. ಕೆಲಸದ ಯಂತ್ರದಲ್ಲಿ ಆಟಕ್ಕೂ ಒಂದು ಮೂಲೆ ಬೇಕೆಂದು ಅಂಧ ವಿಜ್ಞಾನಿಗೆ ಅನ್ನಿಸಿದ್ದು ಅರ್ಥಪೂರ್ಣವಾಗಿದೆ.

ಕನ್ನಡದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಬಡವರಿಗೂ ಎಟಕುವ ‘ಸಿಂಪ್ಯೂಟರ್’ ಎಂಬ ಕೈಯಂತ್ರವನ್ನು ರೂಪಿಸಿದ ಕಾಲದಲ್ಲಿ, ಅವರಲ್ಲೊಬ್ಬರಾದ ಡಾ. ರಮೇಶ್ ಹರಿಹರನ್ ‘ಧ್ವನಿ’ ಎಂಬ ಭಾಷಣ ತಂತ್ರಾಂಶವನ್ನು ಪ್ರಾರಂಭಿಸಿದರು. ಅದು ಹಿಂದಿಯನ್ನೂ ಕನ್ನಡವನ್ನೂ ಓದಿತು. ಬರೆದಂತೆ ಬಹುಮಟ್ಟಿಗೆ ಉಚ್ಚರಿಸುವ ನಮ್ಮ ಲಿಪಿಯ ಗುಣದಿಂದಾಗಿ, ಅರಬ್ಬಿಗೆ ದೊಡ್ಡ ಸಂಸ್ಥೆಯೇ ಬೇಕಾದ ಕೆಲಸವನ್ನು ಇಲ್ಲಿ ಕೆಲವೇ ಜನ ಮಾಡಲು ಸಾಧ್ಯವಾಯಿತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೆ ‘ಧ್ವನಿ’ಯ ಮೂಲಸಂಕೇತ ಮುಕ್ತವಾಗಿದ್ದುದರಿಂದ ಕೇರಳದ ಸಂತೋಷ್ ತೊಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಮಲಯಾಳಂ ಮೊದಲಾದ ಭಾಷೆಗಳಿಗೆ ವಿಸ್ತರಿಸಿದರು. ಯಂತ್ರ ಹೋದರೂ ದನಿ ಉಳಿಯಿತು.

ಇದೇ ಪಾಠ ಇನ್ನೂ ಎರಡು ಬಾರಿ ಪುನರಾವರ್ತನೆಯಾಯಿತು. ಲಿನಕ್ಸ್‌ನ ಗ್ನೋಮ್ ಪರದೆಗಾಗಿ ‘ಆರ್ಕಾ’ ಎಂಬ ಪರದೆವಾಚಕವನ್ನು ಪ್ರಾರಂಭಿಸಿದವರು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಅಂಧ ತಂತ್ರಜ್ಞ ಮಾರ್ಕ್ ಮಲ್ಕಾಹಿ. 2006ರಲ್ಲಿ ಅದು ಗ್ನೋಮ್‌ನ ಅಂಗವಾಯಿತು. 2010ರಲ್ಲಿ ಸನ್ ಸಂಸ್ಥೆಯನ್ನು ಒರಾಕಲ್ ಕೊಂಡುಕೊಂಡಿತು, ಆರ್ಕಾ ತಂಡ ಚದುರಿತು. ಖಾಸಗಿ ತಂತ್ರಾಂಶವಾಗಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಅಂಧರಿಗೆ ಪಾಠ ಹೇಳುತ್ತಿದ್ದ ಜೋನ್‌ಮೇರಿ ಡಿಗ್ಸ್ ಅದನ್ನು ಮುಂದುವರಿಸಿದರು. ಎರಡನೆಯದು ಆರ್ಕಾ ಬಳಸುವ ‘ಇ-ಸ್ಪೀಕ್’ ದನಿ. ಇದನ್ನು ರಚಿಸಿದ ಜೊನಾಥನ್ ಡಡಿಂಗ್‌ಟನ್ ಅವರ ಕೆಲಸ ನಿಂತಾಗ, 2015ರಲ್ಲಿ ರೀಸ್ ಡನ್ ಅದರ ಹೊಸ ಕವಲನ್ನು ಪ್ರಾರಂಭಿಸಿದರು. ಕನ್ನಡ, ಅರಬ್ಬಿ, ಇಂಗ್ಲಿಷ್ ಮೂರೂ ಅದರಲ್ಲಿವೆ. ಮರದ ಗೊಂಬೆ ಮಾತನಾಡಿದಂತಿದೆ ಎಂದು ಕಣ್ಣುಳ್ಳವರು ಆ ದನಿಯನ್ನು ಕೇಳಿ ನಗುವುದುಂಟು. ಆದರೆ ಪಳಗಿದ ಅಂಧ ಕೇಳುಗರು ಅದನ್ನು ನಮ್ಮ ಮಾತಿನ ಎರಡು ಮೂರು ಪಟ್ಟು ವೇಗದಲ್ಲಿ ಓಡಿಸಿ ಅರ್ಥಮಾಡಿಕೊಳ್ಳುತ್ತಾರೆ. ಕೀಲಿ ಒತ್ತಿದೊಡನೆ ಉತ್ತರಿಸುವ ಈ ದನಿ, ತಡವರಿಸುವ ಇಂಪಾದ ದನಿಗಿಂತ ಆಟಗಾರನಿಗೆ ಮೇಲು.

ಆಟಗಳು ದನಿ ಪಡೆದ ಬಗೆ

ಆಟಗಳ ಕಡೆಯಿಂದಲೂ ಪ್ರಯತ್ನಗಳು ನಡೆದವು. 1997ರಲ್ಲಿ ಜಪಾನಿನ ಕೆಂಜಿ ಇನೋ ಚಿತ್ರವೇ ಇಲ್ಲದ, ಕೇವಲ ಶಬ್ದದ ಆಟವೊಂದನ್ನು ಸೆಗಾ ಸ್ಯಾಟರ್ನ್ ಯಂತ್ರಕ್ಕಾಗಿ ರಚಿಸಿದರು. 2001ರಲ್ಲಿ ಕೆನಡಾದ ಡೇವಿಡ್ ಗ್ರೀನ್‌ವುಡ್ ಅವರ ‘ಶೇಡ್ಸ್ ಆಫ್ ಡೂಮ್’ ಬಂತು. ಅದರಲ್ಲಿ ಹೆಜ್ಜೆಯ ಸಪ್ಪಳ, ಗಾಳಿಯ ಸುಯ್ಲು, ಶತ್ರುವಿನ ಗುರುಗುಟ್ಟುವಿಕೆ ಇವುಗಳಿಂದಲೇ ದಾರಿ ಹುಡುಕಬೇಕು.

ನನ್ನ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ‘ಕ್ವೇಕ್’ ಆಟದ ಕಥೆ. 1996ರಲ್ಲಿ ಬಂದ ಈ ಜನಪ್ರಿಯ ಆಟದಲ್ಲಿ ಅಂಧರಿಗೆ ಯಾವ ಸೌಕರ್ಯವೂ ಇರಲಿಲ್ಲ. 1999ರಲ್ಲಿ ಅದರ ಮೂಲಸಂಕೇತವನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಕೆಲವೇ ವರ್ಷಗಳಲ್ಲಿ ‘ಅಗ್ರಿಪ್’ ಎಂಬ ಯೋಜನೆಯವರು ಅದನ್ನು ಬಿಚ್ಚಿ, ಗೋಡೆ, ಬಾಗಿಲು, ಶತ್ರು, ಪ್ರಪಾತಗಳಿಗೆಲ್ಲ ಶಬ್ದಸೂಚನೆ ಜೋಡಿಸಿ ‘ಆಡಿಯೋಕ್ವೇಕ್’ ಮಾಡಿದರು. ಗಿಲಿಗಿಲಿ ಚೆಂಡಿನ ಕಥೆಯೇ ಇದು. 2020ರಲ್ಲಿ ‘ದ ಲಾಸ್ಟ್ ಆಫ್ ಅಸ್’ ಆಟದ ಎರಡನೆಯ ಭಾಗ 60ಕ್ಕೂ ಹೆಚ್ಚು ಸೌಲಭ್ಯಗಳೊಡನೆ ಬಂದು, ಪೂರ್ಣ ಅಂಧರೂ ಕೊನೆಯವರೆಗೆ ಆಡಬಹುದಾದ ದೊಡ್ಡ ವಾಣಿಜ್ಯ ಆಟವೆಂದು ಹೆಸರಾಯಿತು. ಅದು ಸ್ತುತ್ಯವಾದ ಕಾರ್ಯ. ಆದರೆ ಅಲ್ಲಿ ತಯಾರಕರು ಮನಸ್ಸು ಮಾಡುವವರೆಗೆ ಅಂಧ ಆಟಗಾರ ಕಾಯಬೇಕಾಗಿತ್ತು. ಕ್ವೇಕ್‌ಗೆ ಕಾಯಬೇಕಾಗಲಿಲ್ಲ.

ಆಯ್ಕೆಯ ಪ್ರಶ್ನೆ

ಹಾಗಾದರೆ ಯಾವುದನ್ನು ಆರಿಸಬೇಕು? ಇದನ್ನು ಕೇಳುವ ತಂದೆತಾಯಂದಿರಲ್ಲಿ ಕೆಲವರ ಮಕ್ಕಳಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆ ಇರುತ್ತದೆ. ಮೊದಲು ಇರುಳುಗಣ್ಣು, ಆಮೇಲೆ ಕೊಳವೆಯೊಳಗಿಂದ ನೋಡಿದಂತೆ ಕಿರಿದಾಗುವ ದೃಷ್ಟಿ, ಇದು ಅದರ ಸಾಮಾನ್ಯ ಕ್ರಮ. ರಕ್ತಸಂಬಂಧದ ವಿವಾಹಗಳು ನಡೆಯುವ ಕುಟುಂಬಗಳಲ್ಲಿ ಇದರ ಕೆಲವು ಬಗೆಗಳು ಹೆಚ್ಚು ಕಾಣುತ್ತವೆ. ನಮ್ಮ ದಕ್ಷಿಣ ಕರ್ನಾಟಕದ ಸೋದರಮಾವನ ಮದುವೆಯೂ ಈ ಅರಬ್ ನಾಡಿನ ದಾಯಾದಿ ವಿವಾಹವೂ ಈ ವಿಷಯದಲ್ಲಿ ಒಂದೇ. ಅನೇಕರಲ್ಲಿ ದೃಷ್ಟಿ ಒಮ್ಮೆಲೇ ಹೋಗದೆ ವರ್ಷಗಳ ಅವಕಾಶ ನೀಡುತ್ತದೆ. ಆ ವರ್ಷಗಳನ್ನು ಪವಾಡದ ಔಷಧ ಹುಡುಕುತ್ತ ಕಳೆಯಬಾರದು. ಕೀಲಿಮಣೆ, ಬ್ರೈಲ್, ಪರದೆವಾಚಕ ಇವುಗಳನ್ನು ಕಲಿಸಲು ಅದೇ ಸಕಾಲ, ಮತ್ತು ಹತ್ತು ವರ್ಷದ ಹುಡುಗನಿಗೆ ಇವನ್ನು ಕಲಿಸಲು ಆಟಕ್ಕಿಂತ ಒಳ್ಳೆಯ ಮೇಷ್ಟರಿಲ್ಲ. ಓದುವುದು ಬಿಟ್ಟು ಆಟವೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಮೈದಾನದಿಂದ ಆ ಮಗು ಆಗಲೇ ಹೊರಗೆ ನಿಂತಿದೆ, ಇನ್ನೊಂದು ಬಾಗಿಲನ್ನು ಮುಚ್ಚಬೇಡಿ.

ನನ್ನ ಮೊದಲ ಒರೆಗಲ್ಲು, ಖಾಲಿ ಯಂತ್ರಕ್ಕೆ ವ್ಯವಸ್ಥೆಯನ್ನು ಅಳವಡಿಸುವ ಮೊದಲ ಕ್ಷಣದಿಂದಲೇ ಅದು ಮಾತನಾಡಬೇಕು ಎಂಬುದು. ಇಲ್ಲವಾದರೆ ಪ್ರತಿ ಬಾರಿ ಕೆಟ್ಟಾಗಲೂ ಕಣ್ಣುಳ್ಳವರೊಬ್ಬರನ್ನು ಕಾಯಬೇಕಾಗುತ್ತದೆ. 2011ರಲ್ಲಿ ಬಂದ ಡೆಬಿಯನ್ 6ನೆಯ ಆವೃತ್ತಿಯಿಂದ ಈ ಸೌಕರ್ಯ ದೊರಕಿತು. ಪ್ರಾರಂಭದ ಬೀಪ್ ಸದ್ದು ಕೇಳಿದಾಗ ‘ಎಸ್’ ಕೀಲಿಯನ್ನೂ ಎಂಟರ್ ಕೀಲಿಯನ್ನೂ ಒತ್ತಿದರೆ ಮುಂದಿನದೆಲ್ಲವನ್ನೂ ದನಿಯೇ ಹೇಳುತ್ತದೆ.

ಎರಡನೆಯದು, ಹೂಳೆತ್ತುವವರು ಎಷ್ಟು ಜನ ಎಂಬುದು. ಅಂಧರಿಗೆಂದೇ ‘ವಿನಕ್ಸ್’, ‘ಸೋನಾರ್’ ಎಂಬ ವಿಶೇಷ ಲಿನಕ್ಸ್‌ಗಳು ಹುಟ್ಟಿದವು. ಒಬ್ಬಿಬ್ಬರ ದುಡಿಮೆಯನ್ನೇ ನಂಬಿದ್ದ ಅವು ಕೆಲವು ವರ್ಷ ನಡೆದು ನಿಂತುಹೋದವು. ಮುಕ್ತ ಎಂದ ಮಾತ್ರಕ್ಕೆ ಚಿರಂಜೀವಿಯಲ್ಲ. ಆದುದರಿಂದ ಸಾವಿರಾರು ಜನ ನೋಡಿಕೊಳ್ಳುವ, ಸೌಕರ್ಯಗಳು ಒಳಗೇ ಬೆರೆತಿರುವ ಡೆಬಿಯನ್, ಉಬುಂಟು, ಫೆಡೋರಾಗಳಂಥ ದೊಡ್ಡ ವ್ಯವಸ್ಥೆಯನ್ನೇ ಆರಿಸುವುದು ಕ್ಷೇಮ. ಅಲ್ಲಿಯೂ ಎಡರುಗಳು ಬರುತ್ತವೆ. ಪರದೆಯ ಒಳರಚನೆ ‘ವೇಲ್ಯಾಂಡ್’ ಎಂಬ ಹೊಸ ಪದ್ಧತಿಗೆ ಬದಲಾದಾಗ ಆರ್ಕಾದ ಕೀಲಿಗಳು ಸರಿಯಾಗಿ ಕೆಲಸಮಾಡಲು ವರ್ಷಗಳೇ ಹಿಡಿದವು.

ಮೂರನೆಯದು, ಆಟಗಳು ಎಲ್ಲಿವೆ ಎಂಬುದು. ಇಲ್ಲಿ ಸತ್ಯ ಹೇಳಬೇಕು. ಶಬ್ದದ ಆಟಗಳಲ್ಲಿ ಹೆಚ್ಚಿನವು ವಿಂಡೋಸ್‌ಗಾಗಿಯೇ ರಚಿತವಾದವು. ‘ವೈನ್’ ಎಂಬ ಮಧ್ಯವರ್ತಿಯ ಮೂಲಕ ಲಿನಕ್ಸ್‌ನಲ್ಲಿ ಕೆಲವು ನಡೆಯುತ್ತವೆ, ಕೆಲವು ಮೂಕವಾಗುತ್ತವೆ. ಆದುದರಿಂದ ಚಿಕ್ಕ ಮಗುವಿಗೆ ಇರುವ ವಿಂಡೋಸ್ ಯಂತ್ರದಲ್ಲಿಯೇ ‘ಎನ್‌ವಿಡಿಎ’ ಹಾಕಿಕೊಡಿ ಎನ್ನುತ್ತೇನೆ. ಆಸ್ಟ್ರೇಲಿಯದ ಅಂಧ ತರುಣ ಮೈಕೆಲ್ ಕರನ್ 2006ರಲ್ಲಿ ಪ್ರಾರಂಭಿಸಿ, ಅಂಧ ಗೆಳೆಯ ಜೇಮ್ಸ್ ಟೆ ಅವರೊಡನೆ ಬೆಳೆಸಿದ ಈ ಪರದೆವಾಚಕ ಮುಕ್ತವಾದುದು, ಬೆಲೆಯಿಲ್ಲದ್ದು. ಮಗು ಬೆಳೆದು ಯಂತ್ರದ ಒಳಗನ್ನು ತಿಳಿಯಬಯಸಿದಾಗ ಅದೇ ಯಂತ್ರದಲ್ಲಿ ಡೆಬಿಯನ್ ಜೊತೆಗಿರಲಿ. ಅಕ್ಷರದ ಆಟಗಳೂ ಮುಕ್ತಮೂಲದ ಆಟಗಳೂ ಅಲ್ಲಿ ಕಾದಿರುತ್ತವೆ. ಎರಡು ಕಡೆಯೂ ಇ-ಸ್ಪೀಕ್ ದನಿಯೇ ಇರುವುದರಿಂದ ಹೊಸಬರ ಮನೆಗೆ ಹೋದಂತೆ ಅನ್ನಿಸುವುದಿಲ್ಲ.

ಕೊನೆಯದಾಗಿ ನಮ್ಮ ಕರ್ತವ್ಯದ ಮಾತು. ನಮ್ಮ ಸಂಘಸಂಸ್ಥೆಗಳ ಎಷ್ಟೋ ಹಳೆಯ ಲೇಖನಗಳು ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿವೆ. ಕಣ್ಣಿಗೆ ಅವು ಶುದ್ಧ ಕನ್ನಡ, ಪರದೆವಾಚಕಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅವನ್ನು ಯೂನಿಕೋಡಿಗೆ ಪರಿವರ್ತಿಸುವುದು ಬಿಡುವಿನ ವೇಳೆಯಲ್ಲಿ ಯಾರಾದರೂ ಮಾಡಬಹುದಾದ ಹೂಳೆತ್ತುವ ಕೆಲಸ. ಕನ್ನಡ ದನಿಯ ಉಚ್ಚಾರದೋಷಗಳನ್ನು ಕೇಳಿ ಪಟ್ಟಿಮಾಡಿ ಅದನ್ನು ನಿರ್ವಹಿಸುವವರಿಗೆ ಕಳುಹಿಸುವುದಕ್ಕೂ ತಂತ್ರಜ್ಞರೇ ಬೇಕಿಲ್ಲ, ಕನ್ನಡ ಬಲ್ಲ ಕಿವಿ ಸಾಕು. ಕನ್ನಡದಲ್ಲಿ ಒಂದು ಶಬ್ದದ ಆಟ ರಚಿಸುವ ಉತ್ಸಾಹ ನಮ್ಮ ಎಂಜಿನಿಯರ್ ಮಿತ್ರರಿಗೆ ಬಂದರೆ ಇನ್ನೂ ಸಂತೋಷ.